ಬದಲಾವಣೆಗೆ ಕಾರಣ

"ಮರಣ ಅಂತ ಯಾಕೆ ಹಾಕಿದೆ, ಕತ್ತೆಮುಂಡೇದೇ? ನಿನ್ನನ್ನ ಯಾರಾದ್ರೂ ಕೇಳಿದ್ರಾ?"

ಮ್ಯಾನೇಜರನ ಬೆರಳು ಕಂಪ್ಯೂಟರಿನ ಪರದೆಗೆ ಟಪಟಪನೆ ಬಡಿಯಿತು. ಗುಬ್ಬಿ ಕುರ್ಚಿಯಲ್ಲೇ ಮುದುಡಿದಳು. ಆಳು ಗಿಡ್ಡ ಅಂತ ಎಲ್ಲರೂ ಕರೆಯುವುದೇ ಗುಬ್ಬಿ ಅಂತ. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯ ನೆಲ ಒರೆಸುತ್ತಿದ್ದವಳು. ಟೈಪಿಂಗ್ ಕಲಿತ ಮೇಲೆ ಈ ಕಿಟಕಿಯಿಲ್ಲದ ಕೋಣೆಗೆ ಬಂದಿದ್ದಳು. ಕೀಲುನೋವಿನ ಹೊಸ ಮಾತ್ರೆಯೊಂದನ್ನು ಆಸ್ಪತ್ರೆ ಜನರ ಮೇಲೆ ಪರೀಕ್ಷೆ ಮಾಡುತ್ತಿತ್ತು. ಯಾರ ರಕ್ತದಲ್ಲಿ ಏನು ಬಂತು, ಯಾರಿಗೆ ಏನಾಯ್ತು ಅಂತ ನರ್ಸು ಕಾಗದದಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ಅಲ್ಲಿ ಯಾರಿಗೂ ಹೆಸರಿಲ್ಲ, ಬರೀ ನಂಬರು. ಆದರೆ ಹದಿನೇಳನೇ ನಂಬರು ಯಾರೆಂದು ಗುಬ್ಬಿಗೆ ಗೊತ್ತು. ಅವಳ ಓಣಿಯ ದರ್ಜಿ. ಮೊನ್ನೆ ಅವನ ಹೆಣದ ಹಿಂದೆ ಅವಳೂ ನಡೆದಿದ್ದಳು.

"ಸರ್, ನರ್ಸಮ್ಮನೇ ಹಾಗೆ ಬರೆದಿದ್ರು..."

"ಆ ಕಾಗದ ಈಗ ನನ್ನ ಹತ್ರ ಇದೆ. 'ಸ್ವಂತ ಇಚ್ಛೆಯಿಂದ ಬಿಟ್ಟು ಹೋದ' ಅಂತ ಹಾಕು. ನಾಳೆ ತಪಾಸಣೆಯವರು ಬರ್ತಾರೆ."

"ನೀವೇ ಹಾಕಿಬಿಡಿ ಸರ್. ನಿಮ್ಮ ಪಾಸ್‌ವರ್ಡಲ್ಲೂ ಆಗುತ್ತೆ."

ಮ್ಯಾನೇಜರ ನಕ್ಕ. "ನೆಲ ಒರೆಸೋಳನ್ನ ಕುರ್ಚಿ ಮೇಲೆ ಕೂರಿಸಿದ್ದು ಯಾಕೆ ಅಂದ್ಕೊಂಡೆ? ನಿನ್ನ ಮುಖ ನೋಡೋಕಾ? ಹೋದ ತಿಂಗಳು ಇವನ ರಕ್ತದ ರಿಪೋರ್ಟು ತಿದ್ದಿದ್ದು ಯಾರ ಹೆಸರಲ್ಲಿದೆ? ನಿಂದು. ಬಾಯಿ ಬಿಟ್ಟರೆ ಜೈಲಿಗೆ ಹೋಗೋದು ಯಾರು, ನೀನೇ ಹೇಳು. ನಾನು ಊಟ ಮುಗಿಸಿ ಬರೋದ್ರೊಳಗೆ ಆಗಿರ್ಬೇಕು."

ಬಾಗಿಲು ಮುಚ್ಚಿತು. ಗುಬ್ಬಿ ಪರದೆಯತ್ತ ತಿರುಗಿದಳು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದರ್ಜಿಯ ಲಿವರ್ ಪರೀಕ್ಷೆಯಲ್ಲಿ ನಾನೂರ ಹನ್ನೆರಡು ಬಂದಿತ್ತು. "ಕೊನೆಯ ಎರಡರ ಅಂಕೆ ತೆಗಿ" ಅಂದಿದ್ದ ಮ್ಯಾನೇಜರ. ತೆಗೆದಿದ್ದಳು. ನಲವತ್ತೊಂದಾಯಿತು. ಎಲ್ಲ ಸರಿಯಿದೆ ಅಂತ ಕಂಪ್ಯೂಟರು ಹೇಳಿತು, ನರ್ಸು ಮಾತ್ರೆ ಕೊಡುತ್ತಲೇ ಹೋದಳು. ಹತ್ತೇ ದಿನಕ್ಕೆ ದರ್ಜಿಯ ಕಣ್ಣು ಅರಿಶಿನವಾಯಿತು. ಅದೇ ಮಾತ್ರೆಯನ್ನು ಗುಬ್ಬಿಯ ಅತ್ತಿಗೆಯೂ ನುಂಗುತ್ತಿದ್ದಳು. ಇಪ್ಪತ್ತಮೂರನೇ ನಂಬರು. ಅಣ್ಣ ಸತ್ತ ಮೇಲೆ ಗುಬ್ಬಿಯನ್ನು ಮನೆಯಲ್ಲಿಟ್ಟುಕೊಂಡು ಸಾಕಿದವಳು.

ಗುಬ್ಬಿ 'ಮರಣ'ವನ್ನು ಮುಟ್ಟಲಿಲ್ಲ. ರಕ್ತದ ಪುಟ ತೆರೆದಳು. ನಲವತ್ತೊಂದರ ಮುಂದೆ ಎರಡರ ಅಂಕೆಯನ್ನು ಮತ್ತೆ ಸೇರಿಸಿದಳು. ಒಡನೆ ಚೌಕವೊಂದು ತೆರೆದುಕೊಂಡಿತು: ಬದಲಾವಣೆಗೆ ಕಾರಣ. ಹಳೆಯದೇನು, ಹೊಸದೇನು, ತಿದ್ದಿದವರು ಯಾರು, ಯಾಕೆ, ಎಲ್ಲವೂ ಅಲ್ಲಿ ಉಳಿಯುತ್ತಿತ್ತು. ಅದನ್ನು ಅಳಿಸುವುದು ಮ್ಯಾನೇಜರನ ಕೈಯಲ್ಲೂ ಆಗದು. ಹೋದ ಸಲ 'ಟೈಪಿಂಗ್ ತಪ್ಪು' ಅಂತ ಬರೆದಿದ್ದಳು. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

'ಮೊದಲು ಬರೆದದ್ದು ಸುಳ್ಳು. ಬರೆದವಳು ನಾನು. ಬರೆಸಿದವರು ಮ್ಯಾನೇಜರು. ಈ ಮನುಷ್ಯ ಸತ್ತಿದ್ದಾನೆ.'

ಉಳಿಸುವ ಗುಂಡಿ ಒತ್ತಿದಳು. ಹಿಂದೆ ಯಾರೋ ನಿಂತಂತಾಗಿ ತಿರುಗಿದಳು. ಯಾರೂ ಇರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಅತ್ತಿಗೆ ಹೊಸ್ತಿಲ ಮೇಲೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದವಳು ಮಧ್ಯಾಹ್ನದ ಮಾತ್ರೆ ಬಾಯಿಗಿಡುವುದರಲ್ಲಿದ್ದಳು. ಗುಬ್ಬಿ ಅವಳ ಕೈಗೆ ಹೊಡೆದಳು.

"ಲೇ, ಹುಚ್ಚು ಹಿಡೀತೇನೇ?"

"ನುಂಗಬೇಡ ಅತ್ತಿಗೆ! ದರ್ಜಿ ಅಣ್ಣನ ಲಿವರ್ ಹಾಳಾಗಿದ್ದು ಈ ಮಾತ್ರೆ ನುಂಗ್ತಾ ಇದ್ದಾಗ. ಆಸ್ಪತ್ರೇಲಿ ಮುಚ್ಚಿಡ್ತಾ ಇದಾರೆ, ಅವರು ಸತ್ತಿಲ್ಲ, ತಾವೇ ಬಿಟ್ಟು ಹೋದ್ರು ಅಂತ ಬರಿ ಅಂತಿದಾರೆ."

ಕಿರುಚಿದ್ದು ಓಣಿಗೆಲ್ಲ ಕೇಳಿತು. ಎದುರು ಬಾಗಿಲಿನಿಂದ ದರ್ಜಿಯ ಹೆಂಡತಿ ಹೊರಬಂದಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ನಿಂಗೆ ಯಾವಾಗ ಗೊತ್ತಾಯ್ತು?"

ಜೈಲಿಗಿಂತ ಹೆಚ್ಚಾಗಿ ಗುಬ್ಬಿ ಹೆದರಿದ್ದು ಈ ಪ್ರಶ್ನೆಗೆ.

"ಹೋದ ತಿಂಗಳೇ, ಅಕ್ಕ. ತಿದ್ದಿದ್ದೂ ನಾನೇ."

ಮನೆಮನೆಯಲ್ಲೂ ಬಟ್ಟೆ ಹೊಲಿಯುವ ಆ ಓಣಿಯ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ದರ್ಜಿಯ ಹೆಂಡತಿ ಕೆನ್ನೆಗೆ ಕೊಟ್ಟ ಏಟಿಗೆ ಗುಬ್ಬಿ ಗೋಡೆ ಹಿಡಿದಳು.

"ಹಲ್ಕಾ ಮುಂಡೆ! ದಿನಾ ಬಂದು 'ಅಣ್ಣ ಹೇಗಿದಾರೆ' ಅಂತ ಕೇಳ್ತಿದ್ದೆಯಲ್ಲೇ! ಯಾವ ಬಾಯಲ್ಲಿ ಕೇಳ್ತಿದ್ದೆ?"

"ಹೆದರಿಕೆ ಆಗಿತ್ತು ಅಕ್ಕ. ಈಗ್ಲೂ ಆಗ್ತಿದೆ."

ಅತ್ತಿಗೆ ಗೋಡೆಗೆ ಕೈಯೂರಿ ಎದ್ದಳು. ಮೊಣಕಾಲು ಬಾತು ಬಿಂದಿಗೆಯಂತಾಗಿತ್ತು. "ಹೊಡೆಯೋದು ಆಮೇಲೆ. ಯಾರ್ಯಾರ ಮನೇಲಿ ಈ ಹಾಳು ಮಾತ್ರೆ ಇದೆ, ಎಲ್ಲಾ ತನ್ನಿ."

ಒಂಬತ್ತು ಮನೆಗಳಿಂದ ಮಾತ್ರೆ ಬಂತು. ದರ್ಜಿಯ ಹೆಂಡತಿ ಗುಬ್ಬಿಯ ಮಣಿಕಟ್ಟು ಹಿಡಿದು ಆಸ್ಪತ್ರೆಯ ಕಡೆಗೆ ಎಳೆದುಕೊಂಡೇ ನಡೆದಳು. ಕಳ್ಳಿಯನ್ನು ಒಯ್ಯುತ್ತಿದ್ದಾಳೋ ತಂಗಿಯನ್ನು ಕರೆದೊಯ್ಯುತ್ತಿದ್ದಾಳೋ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಮ್ಯಾನೇಜರ ಇಬ್ಬರು ಕಾವಲಿನವರ ಜೊತೆ ನಿಂತಿದ್ದ. ಮುಖ ಬಿಳಚಿಕೊಂಡಿತ್ತು.

"ಅಲ್ಲಿದಾಳೆ ನೋಡಿ, ದಾಖಲೆ ತಿದ್ದಿದ ಕಳ್ಳಿ! ಹಿಡೀರಿ ಅವಳನ್ನ!"

ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು. ಮಣಿಕಟ್ಟಿನ ಹಿಡಿತ ಬಿಗಿಯಾಯಿತು.

"ಹಿಡಿದಿರೋಳು ನಾನು," ಅಂದಳು ದರ್ಜಿಯ ಹೆಂಡತಿ. "ಇವಳನ್ನ ಆಮೇಲೆ ನಾನು ನೋಡ್ಕೋತೀನಿ. ಮೊದಲು ನೀನು ಹೇಳು ಬೋಳಿಮಗನೆ, ನನ್ನ ಗಂಡ ಎಲ್ಲಿಗೆ ಬಿಟ್ಟು ಹೋದ?"

"ಗೇಟು ಹಾಕ್ರೋ!"

ಕಬ್ಬಿಣದ ಗೇಟು ಕರಕರ ಎನ್ನುತ್ತ ಬಂತು. ಅದು ಮುಚ್ಚುವುದರೊಳಗೆ ಅತ್ತಿಗೆ ಕುಂಟುತ್ತ ಮುಂದೆ ಬಂದು ತನ್ನ ಬಾತ ಕಾಲನ್ನು ಸಂದಿಗೆ ಕೊಟ್ಟಳು.