ಸೊಂಟದ ಚಾಕು

ಗುರುಪುತ್ರಪ್ಪ ಅಕ್ಕನ ಎಲೆಸಂಚಿಯನ್ನು ಗೂಟದಿಂದ ಇಳಿಸಿ, ತಲೆಕೆಳಗು ಮಾಡಿ ಕೊಡವಿದ. ಸುಣ್ಣದ ಡಬ್ಬಿ, ನಾಲ್ಕು ಅಡಕೆ ಹೋಳು, ಹಳೆಯ ರೈಲು ಟಿಕೀಟಿನ ತುಂಡು ಬಿದ್ದವು. ಅವನು ಹುಡುಕುತ್ತಿದ್ದುದು ಬೀಳಲಿಲ್ಲ.

"ಚಾಕು ಎಲ್ಲೈತಿ, ಕಾಂತಾ?"

ಕಾಂತಾ ತೀರಿಕೊಂಡ ತಾಯಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಮೀಯಿಸಿ, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದ ಶಿವಲಿಂಗವ್ವ, ಎಡಗೈಯಲ್ಲಿ ಇಷ್ಟಲಿಂಗವಿದ್ದರೂ, ಯಾರದೋ ಮಾತನ್ನು ಒಪ್ಪದವಳಂತೆ ತುಸು ಓರೆಯಾಗಿಯೇ ಕೂತಿದ್ದಳು.

"ನನ್ನ ಹತ್ರ ಐತ್ರಿ, ಮಾವ."

"ಕೊಡಿಲ್ಲೆ. ಹೊಳಿಗೆ ಒಗದು ಬರ್ತೀನಿ. ಹದಿಮೂರು ವರ್ಷ ನಮ್ಮ ಮನೆತನದ ಮಾನ ಕಳದೈತಿ ಅದು. ಅಕ್ಕನ ಕೂಡ ಅದೂ ಹೋಗ್ಲಿ."

"ಕೊಡೂದಿಲ್ರಿ."

ದನಿ ಏರಿರಲಿಲ್ಲ. ಆದರೂ ಪಡಸಾಲೆಯಲ್ಲಿ ಕೂತ ಹೆಂಗಸರ ಅಳು ಅರ್ಧಕ್ಕೇ ನಿಂತಿತು.

"ಏನಂದಿ?"

"ಅವ್ವ ನನಗ ಕೊಟ್ಟಾಳ. ಕರ್ಮ ಮುಗದ ಮ್ಯಾಲ ಲೋಂಡಾ ಪ್ಯಾಸೆಂಜರಿಗೆ ಪೇರಲ ಮಾರಾಕಿ ನಾನ. ಓಡೂ ಗಾಡಿ ಮುಂದ ಈಳಗಿ ಹಾಕ್ಕೊಂಡು ಕುಂದರ್ಲೇನು?"

"ಕುಂದರವಾ, ಗಾರ್ಡ್ ಸಾಹೇಬ ಬಾವುಟಾ ಹಿಡದು ಕಾಯ್ತಾನ," ಎಂದಿತು ಮೂಲೆಯಲ್ಲಿದ್ದ ಒಂದು ಮುದುಕಿ, ಸೆರಗಿನಿಂದ ಕಣ್ಣೊರಸುತ್ತಲೇ.

*

ಎಪ್ಪತ್ತೊಂದರಲ್ಲಿ ಗಂಡ ತೀರಿಕೊಂಡ ಮೇಲೆ ಶಿವಲಿಂಗವ್ವ ಖಾನಾಪುರ ಸ್ಟೇಶನ್ನಿನಲ್ಲಿ ಪೇರಲ, ಸವತಿಕಾಯಿ ಮಾರತೊಡಗಿದ್ದಳು. ಗಾಡಿ ನಿಲ್ಲುವುದು ಎರಡೇ ನಿಮಿಷ. ಅಷ್ಟರಲ್ಲಿ ಹಣ್ಣು ಸೀಳಿ, ಉಪ್ಪುಖಾರ ಸವರಿ, ಕಿಟಕಿಗೆ ಎತ್ತಿ ಕೊಡಬೇಕು. ಅದಕ್ಕೆಂದು ಪೀರನವಾಡಿಯ ಕಮ್ಮಾರನಿಂದ ಮಡಚುವ ಚಾಕೊಂದನ್ನು ಮಾಡಿಸಿದಳು. ಎಮ್ಮೆಕೋಡಿನ ಹಿಡಿ, ಬೆರಳುದ್ದ ಅಲಗು. ಬೆಳಿಗ್ಗೆ ಸೀರೆ ಉಟ್ಟ ಮೇಲೆ ಸೊಂಟಕ್ಕೆ ಸಿಕ್ಕಿಸಿದರೆ ಮಲಗುವಾಗಲೇ ತೆಗೆಯುವುದು.

ಭಾನುವಾರ ಸಂತೆ ಮುಗಿಯುತ್ತಲೂ ಗೂಡ್ಸ್ ಶೆಡ್ಡಿನ ಕಟ್ಟೆಯ ಮೇಲೆ ಚಾಕಿನ ಗೆಳೆಯರು ಕೂಡುತ್ತಿದ್ದರು. ರಾಯಪ್ಪ ಕುರಿ ಬಿಟ್ಟು ರೈಲ್ವೆ ಲೈನಿನ ಕೆಲಸಕ್ಕೆ ಸೇರಿದವನು. ಟಗರಿನ ಕೊಂಬಿನ ಹಿಡಿಯ ಚಾಕನ್ನು ಮಾತ್ರ ಬಿಟ್ಟಿರಲಿಲ್ಲ. ಹಂಚಿನ ಕಾರ್ಖಾನೆಯ ಭರಮಪ್ಪನದಕ್ಕೆ ಹಿತ್ತಾಳೆ ಹಿಡಿ. ಕಣಕುಂಬಿಯಿಂದ ಬೆತ್ತ ತರುವ ಮಾಯಪ್ಪನದು ಗಿಳಿಯ ಕೊಕ್ಕಿನಂತೆ ಬಾಗಿದ್ದು. ವಾರವೆಲ್ಲ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದ್ದನ್ನು ಅಂದು ಕಲ್ಲಿನ ಮೇಲೆ ಬಿಚ್ಚಿಟ್ಟು ತಮ್ಮದನ್ನು ಹೊಗಳಿಕೊಳ್ಳುವುದು, ಬಾಜುದವನದನ್ನು ಹಳಿಯುವುದು. ಕೂಟವೆಂದರೆ ಇಷ್ಟೇ. ಕೈಯಿಂದ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಹಾಗೆ ಕೊಟ್ಟರೆ ಜಗಳ ಹುಟ್ಟುತ್ತದೆಂದು, ಒಬ್ಬ ಕಲ್ಲಿನ ಮೇಲಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಳ್ಳಬೇಕು.

"ನಿಂದೇನಪಾ, ಬೆಣ್ಣಿ ಕೊಯ್ಯಾಕ ಐತಿ."

"ನಿಂದು ಬರೇ ಸುದ್ದಿ ಕೊಯ್ಯಾಕ."

ಶಿವಲಿಂಗವ್ವ ಬುಟ್ಟಿ ಇಳಿಸಿ ತನ್ನದನ್ನೂ ಆ ಸಾಲಿನಲ್ಲಿ ಇಟ್ಟಳು.

ಭರಮಪ್ಪ ನಕ್ಕ. "ಯಕ್ಕಾ, ಇದು ಗಂಡಸರ ಕಟ್ಟಿ."

"ಹಂಗಂತ ಕಲ್ಲಿನ ಮ್ಯಾಲ ಏನೂ ಬರದಿಲ್ಲಲ್ಲ."

ಉಳಿದಿದ್ದ ಒಂದು ಸವತಿಕಾಯಿ ತೆಗೆದು ಒಂದೇ ಎಳೆತಕ್ಕೆ ಬಿಲ್ಲೆ ಸೀಳಿದಳು. ಮಾಯಪ್ಪ ಭಜಿ ತಿನ್ನುತ್ತಿದ್ದ ಪೇಪರಿನ ಮೇಲೆ ಅದನ್ನು ಹಾಸಿ, "ಓದು," ಅಂದಳು.

ಮಾಯಪ್ಪ ಬಗ್ಗಿ ಬಿಲ್ಲೆಯ ಮೂಲಕವೇ ಓದಿದ. "ಬೆಳಗಾವಿ ಪೇಟೆ... ಬಟಾಟಿ ದರ... ಇಳಿಮುಖ."

ಆಮೇಲೆ ರಾಯಪ್ಪ ಕಟ್ಟೆಯ ಮೇಲೆ ಮೊಳದಷ್ಟು ಸರಿದು ಕೂತ.

*

ಮೂವರೂ ಈಗ ಅಂಗಳದಲ್ಲಿ ನಿಂತಿದ್ದರು. ಹೆಗಲು ಕೊಡಲು ಬಂದಿದ್ದವರು. ಗುರುಪುತ್ರಪ್ಪ ಹೊಸ್ತಿಲಲ್ಲಿ ಅಡ್ಡ ನಿಂತ.

"ನಮ್ಮಕ್ಕನ ತಲಿ ಕೆಡಿಸಿದವರು ನೀವ. ಹೆಗಲು ಕೊಡಬೇಕಂದ್ರ ಕಿಸೆ ಖಾಲಿ ಮಾಡ್ರಿ. ಇಕಿ ಹಿಂದ ಒಬ್ಬನ ಹತ್ರನೂ ಚಾಕು ಇರಬಾರ್ದು."

"ಪಾಟೀಲ್ರ ವಾಡೇಕ್ಕ ಹೋದ್ರೂ ಹಿಂಗ ಕಿಸೆ ಝಡತಿ ಮಾಡೂದಿಲ್ರಿ," ಎಂದ ಭರಮಪ್ಪ.

"ಇಟ್ಟಬಿಡೂಣು ಬಿಡೋ," ರಾಯಪ್ಪ ಅವನ ರಟ್ಟೆ ಹಿಡಿದ. "ಅಕ್ಕಗ ಹೊತ್ತಾಗಾಕತ್ತೈತಿ."

ಅಡಿಗೆಮನೆಯ ಕಿಟಕಿಯಲ್ಲಿ ಮೂರು ಚಾಕು ಸಾಲಾಗಿ ಕೂತವು. ಗುರುಪುತ್ರಪ್ಪ ಕಾಂತಾಳ ಕಡೆ ತಿರುಗಿದ.

"ನಿಂದೂ ಇಡು."

"ನಾ ಹೆಗಲು ಕೊಡಾಕಿ ಅಲ್ಲಲ್ರಿ."

ಅಂಗಳದಲ್ಲಿ ಯಾರೋ ಕೆಮ್ಮಿದರು. ಗುರುಪುತ್ರಪ್ಪನ ಕಿವಿ ಕೆಂಪಾಯಿತು.

"ಮಣ್ಣು ಮುಗೀಲಿ. ಸಂಜಿಕ ನಾನ ಕಸಗೊಂತೀನಿ. ಹೊಳಿ ಎಲ್ಲೂ ಹೋಗೂದಿಲ್ಲ."

*

ಎಪ್ಪತ್ತೊಂಬತ್ತರಲ್ಲಿ ಬೆಳಗಾವಿಯಲ್ಲಿ ಗುರುಪುತ್ರಪ್ಪನ ಮಗಳ ಲಗ್ನ. ಅವನದು ಅಲ್ಲಿ ಬಟ್ಟೆ ಅಂಗಡಿ. ಬೀಗರು ದೊಡ್ಡ ಮಂದಿ. ಮಂಗಲ ಕಾರ್ಯಾಲಯದ ಬಾಗಿಲಲ್ಲೇ ಅಕ್ಕನನ್ನು ಬದಿಗೆ ಕರೆದ.

"ಸೊಂಟದಾಗಿಂದು ತಗದು ನನ್ನ ಕೈಯಾಗ ಕೊಡು. ಬೀಗರು ನೋಡಿದ್ರ ಏನಂತಾರ?"

"ಸೊಂಟದಾಗ ಚಾಕು ಐತಿ ಅಂತಾರ."

"ಯಕ್ಕಾ, ಕೈ ಮುಗೀತೀನಿ."

"ಇದರ ಮ್ಯಾಲನ ನಾನೂ ಕಾಂತಾನೂ ಉಂಡೀವಿ, ಗುರು. ಇದನ್ನ ಹೊರಗ ಇಡಂದ್ರ ನಾವೂ ಹೊರಗ."

ಹದಿನಾಲ್ಕರ ಕಾಂತಾ ನಾಚಿಕೆಯಿಂದ ಕುಗ್ಗಿ ನಿಂತಿದ್ದಳು. ಒಳಗೆ ವಾಲಗ ಜೋರಾಯಿತು. ತಾಯಿ, ಮಗಳು ಹೊರಗೆ ಚಪ್ಪರದ ಕಂಬಕ್ಕೆ ಒರಗಿ ಕೂತು, ಬಡಿಸುವವನನ್ನು ಕರೆದು, ಎರಡೆರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡರು. "ಹೊಟ್ಟಿ ತುಂಬ ಉಣ್ಣು. ಸಿಟ್ಟು ಮಾಡ್ಕೊಂಡು ಹೋದ್ರು ಅನ್ನಬಾರ್ದು," ಅಂದಿದ್ದಳು ಶಿವಲಿಂಗವ್ವ. ಖಾನಾಪುರದ ಬಸ್ಸಿನಲ್ಲಿ ಕಾಂತಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಶಿವಲಿಂಗವ್ವ ಮಗಳ ತೊಡೆಯ ಮೇಲೆ ಚಾಕು ಇಟ್ಟು, ಬಿಚ್ಚುವುದು ಮಡಚುವುದು ಹೇಗೆಂದು ಕಲಿಸಿದಳು.

*

ಕುಣಿಯ ಹತ್ತಿರ ಶಿವಲಿಂಗವ್ವನನ್ನು ಕೂರಿಸಿ ತಂದ ಬಿದಿರಿನ ವಿಮಾನವನ್ನು ಇಳಿಸಿದಾಗ ಜಿನುಗು ಮಳೆ ನಿಂತಿತ್ತು. ಅಕ್ಕ ದಾರಿಯಲ್ಲಿ ವಾಲಬಾರದೆಂದು ಗುರುಪುತ್ರಪ್ಪನೇ ಪುಂಡಿನಾರಿನ ಹಗ್ಗದಿಂದ ಎದೆಯ ಸುತ್ತ, ಬೆನ್ನ ಹಿಂದಿನ ಹಲಗೆಯ ಸುತ್ತ, ಏಳು ಸುತ್ತು ಬಿಗಿದು ಕಟ್ಟಿದ್ದ. ಮಳೆಗೆ ಹಗ್ಗ ಉಬ್ಬಿ, ಗಂಟು ಕಲ್ಲಾಗಿತ್ತು. ಅವನು ಉಗುರು ಹಾಕಿದ. ಹಲ್ಲು ಹಾಕಿದ. ಗಂಟು ಸರಿಯಲಿಲ್ಲ.

ಕುಣಿಯೊಳಗೆ ಇಳಿದು ವಿಭೂತಿ, ಪತ್ರಿ ಹಿಡಿದು ನಿಂತಿದ್ದ ಜಂಗಮ ಈರಯ್ಯನವರು ಕತ್ತೆತ್ತಿ ಕೇಳಿದರು. "ಯಾರ ಹತ್ರರ ಚಾಕು ಐತೇನ್ರಪಾ?"

ಮೂವರು ಗೆಳೆಯರ ಕೈಗಳೂ ಒಟ್ಟಿಗೇ ಕಿಸೆಗೆ ಹೋದವು. ಒಟ್ಟಿಗೇ ಬರಿದಾಗಿ ಹೊರಬಂದವು.

"ಇದ್ದುವ್ರಿ, ಐನೋರ," ಎಂದ ರಾಯಪ್ಪ, ಎತ್ತಲೋ ನೋಡುತ್ತ. "ಅಡಗಿಮನಿ ಕಿಡಕ್ಯಾಗ ಕುಂತಾವ."

"ಸನಿಕಿಲೆ ಕಡೀಲೇನ್ರಿ?" ಕುಣಿ ತೋಡಿದವನು ಕೇಳಿದ.

"ಏ, ಮುಟ್ಟಬ್ಯಾಡ," ಅಂದ ಗುರುಪುತ್ರಪ್ಪ. ಹಗ್ಗಕ್ಕೆ ಅಂಗೈ ಅಡ್ಡ ಹಿಡಿದ. "ಅಕ್ಕಗ ತಾಗ್ತೈತಿ."

ಹೆಂಗಸರ ಗುಂಪಿನಿಂದ ಕಾಂತಾ ಮುಂದೆ ಬಂದಳು. ಸೊಂಟದಿಂದ ತೆಗೆದು ಬಿಚ್ಚಿದಳು. ಗುರುಪುತ್ರಪ್ಪ ಅಂಗೈ ಚಾಚಿದ.

"ತಾ ಇಲ್ಲೆ. ನಾ ಕೊಯ್ತೀನಿ."

ಆ ಕೈಗೆ ಹೋದರೆ ಅದು ತಿರುಗಿ ಬರುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ಸುತ್ತ ನಿಂತವರಿಗೂ ಗೊತ್ತಿತ್ತು. ಕಾಂತಾ ತಾಯಿಯ ಮುಂದೆ ಮಂಡಿಯೂರಿದಳು.

"ನೀವು ಹಗ್ಗ ಹಿಡೀರಿ, ಮಾವ. ಅವ್ವನ ಮೈಯಿಂದ ಎತ್ತಿ, ಬಿಗಿಯಾಗಿ. ಸಡ್ಲ ಇದ್ರ ಅಲಗು ಕುಂದ್ರೂದಿಲ್ಲ."

"ಕಾಂತಾ, ನಾ ಹೇಳಾಕತ್ತೀನಿ—"

"ಹಿಡೀರಿ."

ಈರಯ್ಯನವರು ಕುಣಿಯೊಳಗಿಂದ ನೋಡುತ್ತಿದ್ದರು. ಚಾಚಿದ ಅಂಗೈಯಲ್ಲಿ ಮರದಿಂದ ಒಂದು ಹನಿ ಬಿತ್ತು.

ಗುರುಪುತ್ರಪ್ಪ ಕೆಮ್ಮಣ್ಣಿನ ಗುಡ್ಡೆಯ ಮೇಲೆ ಕುಕ್ಕರಿಸಿ, ಹಗ್ಗದ ಕೆಳಗೆ ಬೆರಳು ತೂರಿಸಿ, ಅಕ್ಕನ ಎದೆಯಿಂದ ಮೇಲಕ್ಕೆ ಎಳೆದು ಹಿಡಿದ. ಕಾಂತಾಳ ಅಲಗಿಗೆ ಒಂದು ಸುತ್ತು ಹರಿದು ಬಿತ್ತು. ಅವನು, ಯಾರೂ ಹೇಳದೆಯೇ, ಎರಡನೆಯದಕ್ಕೆ ಬೆರಳು ತೂರಿಸಿದ.