ಹಿತ್ತಾಳೆ ಬಿರಡೆ

ಅಂಗಿಯ ಜೇಬಿಗೆ ಕೈ ಹಾಕಿದರೆ ಬಿರಡೆ ಇಲ್ಲ.

ಗ್ಯಾರೇಜಿನ ಮೇಸ್ತ್ರಿ ಇನ್ನೊಮ್ಮೆ ಕೈ ಹಾಕಿ ನೋಡಿದ. ಮಡಚಿದ ಕರವಸ್ತ್ರ, ತಲೆನೋವಿನ ಒಂದು ಮಾತ್ರೆ, ಅಷ್ಟೇ. ಪ್ಯಾಂಟಿನ ಎರಡೂ ಜೇಬು ತಡಕಿದ. ಕೊನೆಗೆ ತುಟಿಯನ್ನೂ ಮುಟ್ಟಿ ನೋಡಿಕೊಂಡ. ಎರಡೂ ಕೈ ಕೆಲಸದಲ್ಲಿದ್ದಾಗ ಅದನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಕೆಟ್ಟ ಚಾಳಿ ಅವನದು. ಬಾಯಲ್ಲೂ ಇರಲಿಲ್ಲ.

ಈ ಬಿರಡೆಯ ವಿಷಯ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಬೆರಳ ತುದಿಯಷ್ಟು ಹಿತ್ತಾಳೆಗೆ ಈ ಮನುಷ್ಯ ಯಾಕಪ್ಪಾ ಇಷ್ಟು ಬೆವರುತ್ತಾನೆ ಎಂದು ನಿಮಗೆ ನಗು ಬಂದೀತು. ಟರ್ಬೊ ಇರುವ ಕಾರು ಏರು ಹತ್ತುವಾಗ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಗಾಳಿಗೆ ಎದುರಾಗಿಯೇ ಪೆಟ್ರೋಲು ಒಳಗೆ ಚಿಮ್ಮಬೇಕು. ಅಂದಮೇಲೆ ಗಾಳಿಯ ಒತ್ತಡ ಎಷ್ಟು ಏರಿತೋ ಪೆಟ್ರೋಲಿನ ಒತ್ತಡವೂ ಅಷ್ಟೇ ಏರಬೇಕು. ಏರದಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಒಳಗೆ ಟಕಟಕ ಬಡಿತ ಶುರುವಾಗುತ್ತದೆ, ಆಮೇಲೆ ಪಿಸ್ಟನ್ನಿನ ನೆತ್ತಿ ಕರಗಿ ತೂತು ಬೀಳುತ್ತದೆ. ಈ ಒತ್ತಡ ಸರಿದೂಗಿಸುವುದು ಮುಷ್ಟಿಯಷ್ಟೂ ಇಲ್ಲದ ಒಂದು ರೆಗ್ಯುಲೇಟರು. ಗಾಳಿ ಏರಿತು ಎಂಬ ಸುದ್ದಿ ಅದಕ್ಕೆ ತಲುಪುವುದು ಪೆನ್ಸಿಲ್ಲಿನಷ್ಟು ದಪ್ಪದ ರಬ್ಬರ್ ಪೈಪೊಂದರಿಂದ. ಅದೊಂದೇ ದಾರಿ.

ಯಾವ ಟರ್ಬೊ ಕಾರು ಬಂದರೂ ಮೇಸ್ತ್ರಿ ಮೊದಲು ಆ ಪೈಪನ್ನೇ ಕಿತ್ತು ನೋಡುತ್ತಿದ್ದ. ಎಂಜಿನ್ನು ನಿಂತಲ್ಲೇ ಓಡುತ್ತಿರುವಾಗ ಪೈಪನ್ನು ರೆಗ್ಯುಲೇಟರಿನಿಂದ ಎಳೆದು, ತುದಿಯನ್ನು ಮೂಗಿಗೆ ಹಿಡಿಯುವುದು. ಪೆಟ್ರೋಲಿನ ವಾಸನೆ ಬಂದರೆ ಒಳಗಿನ ಪೊರೆ ಹರಿದಿದೆ ಎಂದರ್ಥ. ಬರದಿದ್ದರೆ ಪೈಪಿನ ಬಾಯಿಗೆ ಹಿತ್ತಾಳೆ ಬಿರಡೆ ಸಿಕ್ಕಿಸಿ, ಎಂಜಿನ್ನಿನ ಸದ್ದು ಬದಲಾಯಿತೇ ಎಂದು ಕಿವಿಗೊಡುವುದು. ನೋಡಿ ಮುಗಿದ ಮೇಲೆ ಪೈಪು ರೆಗ್ಯುಲೇಟರಿಗೆ, ಬಿರಡೆ ಜೇಬಿಗೆ. ಬಿರಡೆ ಒಂದೇ ಒಂದು. ಅವನ ಭಾಮೈದ ಒಮ್ಮೆ ಲೇತಿನಲ್ಲಿ ಇನ್ನೊಂದು ಬಿರಡೆ ಕಡೆದು ತಂದಾಗ ಮೇಸ್ತ್ರಿ ಅದನ್ನು ಗುಜರಿ ಡಬ್ಬಕ್ಕೆ ಎಸೆದಿದ್ದ. "ಒಂದೇ ಇದ್ರೆ ಜೇಬು ಖಾಲಿ ಆದಾಗ ಗೊತ್ತಾಗುತ್ತೆ. ಹತ್ತು ಇದ್ರೆ ಯಾವ ದೇವ್ರಿಗೆ ಗೊತ್ತಾಗುತ್ತೆ?"

ಈಗ ಜೇಬು ಖಾಲಿ. ಅಂದರೆ ಯಾವುದೋ ಕಾರಿನ ಬಾನೆಟ್ಟಿನೊಳಗೆ ಸುದ್ದಿ ಮುಟ್ಟಿಸುವ ಪೈಪಿನ ಬಾಯಿ ಮುಚ್ಚಿಕೊಂಡು ಕೂತಿದೆ. ಊರೊಳಗೆ ಓಡಾಡುವಷ್ಟು ಕಾಲ ಅದು ಯಾರಿಗೂ ಗೊತ್ತಾಗುವುದಿಲ್ಲ. ಏರು ಸಿಕ್ಕಿತೋ, ಎಂಜಿನ್ನು ಮುಗಿಯಿತು.

ಮೇಸ್ತ್ರಿ ಟೈರಿನ ಮೇಲೆ ಕುಸಿದು ಕೂತ. ಭಾಮೈದ ಬೆನ್ನು ಹಿಡಿದುಕೊಂಡು ಹಾಸಿಗೆ ಸೇರಿದಾಗಿನಿಂದ ಇಬ್ಬರ ಕೆಲಸ ಇವನೊಬ್ಬನ ಹೆಗಲಿಗೆ ಬಿದ್ದಿತ್ತು. ಪುಣ್ಯಾತ್ಮ ಮಲಗಿದಲ್ಲಿಂದಲೇ ಫೋನು ಮಾಡಿ ಬುದ್ಧಿ ಹೇಳುತ್ತಿದ್ದ, ಅದೊಂದು ಬೇರೆ. ಮೈಯಲ್ಲಿ ಎಲುಬಿದೆಯೋ ಹತ್ತಿಯಿದೆಯೋ ಎನ್ನುವಂಥ ಸುಸ್ತು. ಊಟ ಮಾಡುತ್ತ ತೂಕಡಿಸುವುದು, ಸ್ಪ್ಯಾನರ್ ಕೈಯಲ್ಲೇ ಹಿಡಿದು ಸ್ಪ್ಯಾನರ್ ಹುಡುಕುವುದು, ಇವೆಲ್ಲ ಶುರುವಾಗಿದ್ದವು. ಇದೂ ಆಗಬೇಕಾಗಿದ್ದದ್ದೇ ಎಂದು ಅವನಿಗೆ ಅನ್ನಿಸಿತು.

ನಿನ್ನೆ ಆ ಪರೀಕ್ಷೆ ಮಾಡಿದ್ದು ಎರಡು ಕಾರಿಗೆ. ಒಂದು ಎದುರು ಸಾಲಿನ ಹಲ್ಲಿನ ಡಾಕ್ಟರದು, ಇನ್ನೊಂದು ಟ್ಯಾಕ್ಸಿಯವನದು. ಯಾವುದು ಮೊದಲೋ ಯಾವುದು ಆಮೇಲೋ, ಅದೂ ನೆನಪಿಗೆ ಬರಲಿಲ್ಲ.

ರಸ್ತೆ ದಾಟಿ ಹೋಗಿ ಡಾಕ್ಟರನ್ನು ಹೊರಗೆ ಕರೆದು, ವಿಷಯ ಹೇಳಿ ಬಾನೆಟ್ಟು ತೆಗೆಸಿದ. ಪೈಪು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು.

"ಏನಪ್ಪಾ, ಹಲ್ಲು ಕಿತ್ತ ಜಾಗದಲ್ಲಿ ಹತ್ತಿ ಬಿಟ್ಟಿದೀನಾ ಅಂತ ನಾನು ಯಾರ ಮನೆಗೂ ಹೋಗಿ ಬಾಯಿ ತೆರೆಸಿಲ್ಲ," ಎಂದು ಡಾಕ್ಟರು ನಕ್ಕರು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದರು. "ನಿದ್ದೆ ಮಾಡ್ತಿದೀಯೇನಯ್ಯಾ ನೀನು?"

"ಮಾಡ್ತೀನಿ ಸಾರ್, ಎಲ್ಲಾ ಮುಗೀಲಿ."

ಹಾಗಾದರೆ ಟ್ಯಾಕ್ಸಿಯೇ. ಟ್ಯಾಕ್ಸಿಯವನನ್ನು ಎಲ್ಲರೂ ಹಾರ್ನಪ್ಪ ಎನ್ನುತ್ತಿದ್ದರು. ಖಾಲಿ ರಸ್ತೆಯಲ್ಲೂ ಹಾರ್ನು ಒತ್ತದೆ ಅವನಿಗೆ ಉಸಿರಾಡಲು ಬರುತ್ತಿರಲಿಲ್ಲ. ನಿನ್ನೆ ಕಾರು ಬಿಡಿಸಿಕೊಳ್ಳುವಾಗಲೇ ಹೇಳಿದ್ದ, ನಾಳೆ ಬೆಟ್ಟದ ಹೋಟೆಲಿನಲ್ಲಿ ಮದುವೆ, ನೆಂಟರನ್ನು ಇಳಿಸಿ ತರಬೇಕು ಎಂದು. ಬೆಟ್ಟದ ರಸ್ತೆಯೆಂದರೆ ಬರೀ ಏರು. ಮೇಸ್ತ್ರಿ ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಹಾರ್ನಪ್ಪ ಫೋನು ಮುಟ್ಟುವವನಲ್ಲ. ಅಷ್ಟರ ಮಟ್ಟಿಗೆ ಶಿಸ್ತಿನ ಮನುಷ್ಯ.

ಹಾಳಾಗಿ ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಪಿಸ್ಟನ್ನು ಸುಟ್ಟ ಮೇಲೆ ಬಿರಡೆ ಯಾರದ್ದು ಅಂತ ಯಾರು ಕೇಳುತ್ತಾರೆ? ಗಾಡಿ ತಿರುಗಿ ಬರುವುದು ತನ್ನ ಹತ್ತಿರವೇ ತಾನೆ? ಆದರೆ ಆ ಕಾರು ಬಿಟ್ಟರೆ ಹಾರ್ನಪ್ಪನಿಗೆ ಬೇರೆ ಗತಿಯಿಲ್ಲ ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಗ್ಯಾರೇಜಿನ ಷಟರ್ ಅರ್ಧ ಎಳೆದು, ಹಳೆಯ ಪಿಕಪ್ ಹತ್ತಿದ.

ಊರು ದಾಟಿರಲಿಲ್ಲ, ಫೋನು ಬಡಿದುಕೊಂಡಿತು. ಹಾರ್ನಪ್ಪನೇ ಇರಬೇಕೆಂದು ಆಸೆಯಿಂದ ನೋಡಿದರೆ 'ಮನೆ' ಎಂದಿತ್ತು. ಹೆಂಡತಿಯ ನಂಬರನ್ನು ಅವನು ಹಾಗೇ ಹಾಕಿಕೊಂಡಿದ್ದ. 'ಮನೆ' ಎಂದು ಬಂದರೆ ಆಮೇಲೆ ನೋಡಿಕೊಳ್ಳೋಣ ಎನ್ನುವುದು ಎಷ್ಟೋ ವರ್ಷದ ರೂಢಿ. ಸುಮ್ಮನಾದ.

ಹೆಂಡತಿಯೂ ಆ ಹೊತ್ತು ಅದೇ ಬೆಟ್ಟದ ದಾರಿಯಲ್ಲಿದ್ದಳು. ಅವಳು ದರ್ಜಿ. ಮದುವೆಯಾದಾಗಿನಿಂದ ಯಾರದೋ ಅಂಗಡಿಯಲ್ಲಿ ಕೂತು ಯಾರಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿದವಳು, ಈಗ ಮೊದಲ ಸಲ ತನ್ನದೇ ಹೆಸರಿನಲ್ಲಿ ಒಂದು ಮದುಮಗಳ ಉಡುಪು ಒಪ್ಪಿಕೊಂಡಿದ್ದಳು. ಹಾಲಿನ ಬಣ್ಣದ ಬಟ್ಟೆ, ಕತ್ತಿನ ಸುತ್ತ ಮಣಿ. ಒಳಗಡೆ, ಯಾರಿಗೂ ಕಾಣದ ಕಡೆ, ತನ್ನ ಹೆಸರಿನ ಪುಟ್ಟ ಪಟ್ಟಿಯನ್ನೂ ಹೊಲಿದಿದ್ದಳು. ಅದನ್ನು ಅವನಿಗೆ ತೋರಿಸಿದಾಗ ಅವನು ಗೊರಕೆ ಹೊಡೆಯುತ್ತಿದ್ದ. ಮಧ್ಯಾಹ್ನದ ಮದುವೆಗೆ ಮೊದಲು ಉಡುಪು ಹೋಟೆಲು ಮುಟ್ಟಬೇಕು. ಮುಟ್ಟದಿದ್ದರೆ ಮುಂದೆ ಅವಳ ಹೆಸರು ನಂಬಿ ಯಾರೂ ಬಟ್ಟೆ ಕೊಡುವುದಿಲ್ಲ. ಈ ಮಾತನ್ನು ವಾರದಿಂದ ಅವಳು ಹೇಳುತ್ತಲೇ ಇದ್ದಳು, ಅವನು ಹೂಂ ಅನ್ನುತ್ತಲೇ ಇದ್ದ.

ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿ ಟ್ಯಾಕ್ಸಿ ಕಂಡಿತು. ಹಾರ್ನಪ್ಪ ಪೆಟ್ರೋಲು ತುಂಬಿಸಿಕೊಂಡು ಹೊರಡುತ್ತಿದ್ದ. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಪಿಕಪ್ಪನ್ನು ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈ ಬೀಸುತ್ತ ಓಡಿದ. ಅಷ್ಟರಲ್ಲಿ ಜೇಬಿನಲ್ಲಿ ಮತ್ತೆ 'ಮನೆ'. "ಥೂ, ಇವಳೊಬ್ಬಳು!" ಎಂದು ಕಟ್ ಮಾಡಿದ.

"ಇಳಿ, ಇಳಿ! ಬಾನೆಟ್ ತೆಗಿ!"

"ಏನಣ್ಣಾ, ಕಾರಿಗೆ ಬಾಂಬ್ ಇಟ್ಟಿದೀಯಾ?"

"ತೆಗಿಯೋ ಮಾರಾಯಾ!"

ಬಾನೆಟ್ಟು ಎದ್ದಿತು. ಮೇಸ್ತ್ರಿ ತಲೆ ಒಳಗೆ ತೂರಿಸಿದ. ಪೈಪು ರೆಗ್ಯುಲೇಟರಿಗೆ ಅಚ್ಚುಕಟ್ಟಾಗಿ ಸಿಕ್ಕಿಕೊಂಡಿತ್ತು. ನಂಬಿಕೆ ಬರದೆ ಎಳೆದು ನೋಡಿದ. ಅಲ್ಲಾಡಲಿಲ್ಲ. ಹಾಗೇ ಕಾರಿನ ಅಂಚಿಗೆ ಮೊಣಕೈ ಊರಿ ನಿಂತುಬಿಟ್ಟ. ನೆಮ್ಮದಿಯಾಗಬೇಕಾಗಿತ್ತು, ಆಗಲಿಲ್ಲ. ವಿಷಯ ಕೇಳಿ ಹಾರ್ನಪ್ಪ ಹಣೆ ಚಚ್ಚಿಕೊಂಡ.

"ಅಯ್ಯೋ ನಿನ್ನ! ನಿನ್ನೆ ನೀನೇ ಪೈಪು ಹಾಕಿ, ಆ ಬಿರಡೇನ ಜೇಬಿಗೆ ಇಟ್ಕೊಂಡ್ಯಲ್ಲ, ನಾನೇ ಕಣ್ಣಾರೆ ನೋಡಿದೀನಿ. ನನ್ನದೇ ಕೊನೇ ಗಾಡಿ. ಆಮೇಲೆ ಯಾವ್ದನ್ನ ಮುಟ್ಟಿದೆ ಹೇಳು?"

"ಯಾವ್ದನ್ನೂ ಮುಟ್ಲಿಲ್ಲ ಕಣೋ. ಮನೆಗೆ ಹೋದೆ. ಮಲಗಿದೆ. ಬೆಳಗ್ಗೆ ಎದ್ದೆ..."

ಬೆಳಗ್ಗೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಹೆಂಡತಿ ಬಂದು ಭುಜ ಅಲ್ಲಾಡಿಸಿದ್ದಳು. "ರೀ, ಕಾರಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ. ಬಟ್ಟೆಗೆ ಹತ್ತಿದ್ರೆ ನನ್ನ ಕಥೆ ಮುಗೀತು. ಒಂದ್ ನಿಮಿಷ ನೋಡ್ತೀರಾ?" ಮೊಳೆಗೆ ನೇತುಹಾಕಿದ್ದ ಅಂಗಿಯನ್ನು ಬನಿಯನ್ನಿನ ಮೇಲೆ ಏರಿಸಿಕೊಂಡು, ಆಕಳಿಸುತ್ತ ಅಂಗಳಕ್ಕೆ ಹೋಗಿದ್ದ. ಅವಳ ಪುಟ್ಟ ಟರ್ಬೊ ಕಾರನ್ನು ಗುಜರಿಯಿಂದ ಎತ್ತಿ ತಂದು, ಎಂಜಿನ್ನನ್ನು ತಾನೇ ಬಿಚ್ಚಿ ಕಟ್ಟಿ ಕೊಟ್ಟವನು ಅವನೇ. ಬಾನೆಟ್ಟು ಎತ್ತಿದ, ಪೈಪು ಕಿತ್ತ, ಮೂಸಿದ. ವಾಸನೆಯಿಲ್ಲ. ಬಿರಡೆ ಸಿಕ್ಕಿಸಿದ, ಸದ್ದು ಕೇಳಿದ. ಸರಿಯಿದೆ. ಹಾಗಾದರೆ ವಾಸನೆ ಎಲ್ಲಿಯದು ಎಂದು ಕಾರಿನ ಹಿಂದಕ್ಕೆ ಹೋದರೆ ಟ್ಯಾಂಕಿನ ಮುಚ್ಚಳ ಸಡಿಲವಾಗಿತ್ತು. ತಿರುಗಿಸಿ ಬಿಗಿ ಮಾಡಿದ. "ಇಷ್ಟೇ ಕಣೇ" ಎಂದು ಅಲ್ಲಿಂದಲೇ ಚಹಾ ಕುಡಿಯಲು ಒಳಗೆ ಹೋದ. ಬಾನೆಟ್ಟು ಮುಚ್ಚಿದವಳು ಅವಳು. ಕಾರಿನ ಮುಂಭಾಗಕ್ಕೆ ಅವನು ತಿರುಗಿ ಬರಲೇ ಇಲ್ಲ.

ಗ್ಯಾರೇಜಿನಲ್ಲಿ ಕೂತು ಅಷ್ಟು ತಲೆ ಕೆರೆದುಕೊಂಡರೂ ಅದು ಅವನ ನೆನಪಿಗೆ ಬಂದಿರಲಿಲ್ಲ. ಅದು ಕೆಲಸವಲ್ಲವಲ್ಲ, ಮನೆಯದು.

ಫೋನು ತೆಗೆದು 'ಮನೆ' ಒತ್ತಿದ. ರಿಂಗಾಯಿತು, ರಿಂಗಾಯಿತು, ನಿಂತಿತು.

"ನಡಿ," ಎಂದು ಟ್ಯಾಕ್ಸಿಯ ಬಾಗಿಲು ತೆಗೆದು ಕೂತ. "ಮೇಲಕ್ಕೆ ನಡಿ. ನನ್ನ ಹೆಂಡ್ತಿ ಗಾಡಿಯೋ ಅದು."

ಹಾರ್ನಪ್ಪ ಗಾಡಿ ಎತ್ತಿದ. ದಾರಿಯುದ್ದಕ್ಕೂ ಹಾರ್ನು ಕೂಡ ಒತ್ತಲಿಲ್ಲ. ಏರಿನಲ್ಲಿ ಟ್ಯಾಕ್ಸಿ ಸಲೀಸಾಗಿ ಹತ್ತುತ್ತಿತ್ತು. ಕಾಲು ಒತ್ತಿದಾಗ ಟರ್ಬೊ ಸಿಳ್ಳೆ ಹಾಕುವುದು, ಎಂಜಿನ್ನು ಅದಕ್ಕೆ ತಕ್ಕಂತೆ ತುಂಬಿಕೊಂಡು ಎಳೆಯುವುದು, ಎಲ್ಲಾ ಸರಿಯಾಗಿತ್ತು. ಎಷ್ಟು ಚೆನ್ನಾಗಿ ಕೆಲಸ ಮಾಡಿಕೊಟ್ಟಿದ್ದೇನೆ ಎಂದು ಮೇಸ್ತ್ರಿಗೆ ಕೇಳಿಸುತ್ತಿತ್ತು, ಕೇಳಲಾರದೆ ಕಿಟಕಿಯ ಗಾಜು ಏರಿಸಿದ.

ಮೂರನೆಯ ತಿರುವಿನಲ್ಲಿ ಕಾರು ಪಕ್ಕಕ್ಕೆ ನಿಂತಿತ್ತು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಇನ್ನೂ ಎಳೆಯೆಳೆಯಾಗಿ ಬರುತ್ತಿತ್ತು. ತುಸು ದೂರದ ಮೋಟುಗೋಡೆಯ ಮೇಲೆ ಅವಳು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹೊಗೆ ತಾಗದಿರಲಿ ಎಂದು ಸೆರಗನ್ನೋ ಶಾಲನ್ನೋ ಪೆಟ್ಟಿಗೆಗೆ ಹೊದಿಸಿದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

ಮೇಸ್ತ್ರಿ ಓಡಿಹೋಗಿ ಪೆಟ್ಟಿಗೆಗೆ ಕೈ ಚಾಚಿದ.

"ಮುಟ್ಬೇಡಿ," ಎಂದಳು.

ಅವನು ತನ್ನ ಕೈ ನೋಡಿಕೊಂಡ. ಮೊಣಕೈವರೆಗೆ ಗ್ರೀಸು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

"ಬೆಳಗ್ಗೆ ಆ ಬಿರಡೆ... ನಾನೇ ಮರೆತೆ ಕಣೇ. ಬೇರೆಯವರ ಗಾಡೀಲಿ ಅಂದ್ಕೊಂಡು ಊರೆಲ್ಲಾ ಹುಡುಕ್ತಿದ್ದೆ."

"ಊರೆಲ್ಲಾ ಹುಡುಕಿದ್ರಾ?"

ಅವನು ಹೊಗೆಯ ಕಡೆ ತಿರುಗಿದ.

"ಮೊದಲನೇ ತಿರುವಲ್ಲೇ ಟಕಟಕ ಅಂತು," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ, ಸುಸ್ತಿತ್ತು, ಅವನಿಗಿದ್ದಂಥದೇ ಸುಸ್ತು. "ನಿಲ್ಲಿಸಿ ಫೋನ್ ಮಾಡ್ದೆ. ಎತ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡ್ದೆ, ಹೋಗ್ಲಾ ಬೇಡ್ವಾ ಅಂತ ಕೇಳೋಕೆ. ಕಟ್ ಮಾಡಿದ್ರಿ. ಹೇಗೂ ಬೆಳಗ್ಗೆ ನೀವೇ ನೋಡಿದೀರಿ, ಏನೂ ಆಗಲ್ಲ ಅಂದ್ಕೊಂಡು ಹೊರಟೆ."

ನಿಂತೇ ಇದ್ದಿದ್ದರೆ ಎಂಜಿನ್ನು ಉಳಿಯುತ್ತಿತ್ತು. 'ಹೋಗಬೇಡ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಅವನಿಗೂ ಗೊತ್ತಾಯಿತು, ಅವನ ಮುಖ ನೋಡಿ ಅವಳಿಗೂ ಗೊತ್ತಾಯಿತು.

"ಆಮೇಲೆ ನಾನು ಮಾಡಿದಾಗ ಯಾಕೆ ಎತ್ಲಿಲ್ಲ?"

"ಅಷ್ಟೊತ್ತಿಗೆ ನಿಂತು ಹೋಗಿತ್ತಲ್ಲ. ಎತ್ತಿ ಏನ್ ಹೇಳ್ಲಿ?"

ಹಾರ್ನಪ್ಪ ಕೆಮ್ಮಿದ. "ಅಕ್ಕಾ, ನಾನು ಆ ಹೋಟೆಲಿಗೇ ಹೋಗ್ತಿರೋದು. ಬನ್ನಿ ಕೂತ್ಕೊಳ್ಳಿ. ಹೊತ್ತಿಗೆ ಮುಂಚೆ ಮುಟ್ಟಿಸ್ತೀನಿ, ನನ್ನ ಗಾಡಿಗೇನೂ ಆಗಿಲ್ಲ."

ಅವಳು ಪೆಟ್ಟಿಗೆ ಎತ್ತಿಕೊಂಡು ಎದ್ದಳು. ಮಗುವನ್ನು ಕೂರಿಸುವಂತೆ ಅದನ್ನು ಹಿಂದಿನ ಸೀಟಿನಲ್ಲಿ ಇಟ್ಟು ಪಕ್ಕದಲ್ಲಿ ತಾನೂ ಕೂತಳು. ಮೇಸ್ತ್ರಿ ಬಾಗಿಲ ಬಳಿ ಹೋದ.

"ತಲುಪಿದ ಮೇಲೆ ಒಂದು ಫೋನ್ ಮಾಡು."

"ಎತ್ತುತ್ತೀರಾ?" ಎಂದಳು.

ಕುಟುಕಿ ಹೇಳಿದ ಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜಕ್ಕೂ ಕೇಳುತ್ತಿದ್ದಳು.

ಟ್ಯಾಕ್ಸಿ ತಿರುವು ದಾಟಿ ಮರೆಯಾಯಿತು. ಮೇಸ್ತ್ರಿ ಬಾನೆಟ್ಟು ಎತ್ತಿದ. ಪೈಪಿನ ಬಾಯಲ್ಲಿ ಬಿರಡೆ ಬೆಳಗ್ಗೆ ಸಿಕ್ಕಿಸಿದ ಹಾಗೇ ಇತ್ತು. ಎಳೆದಾಗ ಬೆರಳು ಚುರ್ ಅಂತು. ಪೈಪನ್ನು ರೆಗ್ಯುಲೇಟರಿಗೆ ಹಾಕಿದ. ಇನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಬಿರಡೆಯನ್ನು ಜೇಬಿಗೆ ಇಡಲು ಮನಸ್ಸಾಗದೆ ಮೋಟುಗೋಡೆಯ ಮೇಲೆ ಇಟ್ಟು, ಅವಳು ಕೂತಿದ್ದ ಜಾಗದಲ್ಲಿ ಕೂತ. ಕಣ್ಣು ಎಳೆಯುತ್ತಿತ್ತು. ನಿದ್ದೆ ಬಂದುಬಿಟ್ಟೀತೆಂದು ಹೆದರಿ ಮತ್ತೆ ಎದ್ದು ನಿಂತ. ಫೋನಿನ ಸದ್ದನ್ನು ಪೂರ್ತಿ ಏರಿಸಿ, ಕರವಸ್ತ್ರದಿಂದ ಕೈ ಒರೆಸಿಕೊಂಡು, ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡ.

ಸ್ವಲ್ಪ ಹೊತ್ತಿಗೆ ಅದು ಬಡಿದುಕೊಂಡಿತು. ಬೆಳಗ್ಗೆಯಿಂದ ಕಾಯುತ್ತಿದ್ದ ಗಿರಾಕಿಯೊಬ್ಬರು. ಅವನು ಕಟ್ ಮಾಡಿ, ರಸ್ತೆಯ ಮೇಲ್ತುದಿಯನ್ನೇ ನೋಡುತ್ತ ನಿಂತ.