ಅತ್ತೆ ಕುಡಿದ ಔಷಧಿ

ಕೊಣನೂರಿನ ನನ್ನ ಕ್ಲಿನಿಕ್ಕಿನಲ್ಲಿ ನನ್ನ ಮೇಜಿಗೂ ಹೊರಗೆ ಕಾಯುವವರ ಬೆಂಚಿಗೂ ನಡುವೆ ಇರುವುದು ಒಂದು ಪರದೆ. ಅದಕ್ಕೇ ಉರಿಮೂತ್ರದ ಕಥೆಯನ್ನು ಹೆಂಗಸರು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಜಯಲಕ್ಷ್ಮಮ್ಮ ಮಾತ್ರ ಕೂರುವ ಮುಂಚೆಯೇ ಕೂಗಿದರು.

“ಡಾಕ್ಟ್ರಮ್ಮಾ, ನಂಗೆ ಉಚ್ಚೆ ಉರಿ ಕಣವ್ವಾ! ನಂಗೇಯಾ!”

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಜ್ವರ, ಬೆನ್ನುನೋವು, ಸಕ್ಕರೆ ಕಾಯಿಲೆ ಯಾವುದೂ ಇಲ್ಲವೆಂದರು. ಮನೆಯಿಂದಲೇ ಬಾಟಲಿಯಲ್ಲಿ ಮೂತ್ರ ತಂದಿದ್ದರು. ಪರೀಕ್ಷಿಸಿದೆ, ಸೋಂಕಿತ್ತು. ನೀರಿಗೆ ಕಲಸಿ ಒಂದೇ ಸಲ ಕುಡಿಯುವ ಪುಡಿಯ ಪಾಕೀಟು ಬರೆದು, ಪಕ್ಕದ ಮೆಡಿಕಲ್ಸಿನಿಂದ ತರಿಸಿದೆ.

“ಇಲ್ಲೇ ಕುಡಿಯಿರಿ,” ಎಂದೆ. ಅದು ನನ್ನ ನಿಯಮ. ಮನೆಗೆ ಕೊಟ್ಟರೆ ಅರ್ಧ ಕುಡಿದು ಅರ್ಧ ಮುಂದಿನ ಸಲಕ್ಕೆಂದು ಎತ್ತಿಡುತ್ತಾರೆ. ಕಾಯಿಲೆ ವಾಪಸ್ ಬಂದಾಗ ಬೈಗುಳ ನನಗೆ.

“ಮನೇಲಿ ಕುಡಿತೀನಿ ಬುಡವ್ವಾ.”

“ಇಲ್ಲೇ.”

ಅವರು ಲೋಟ ನೋಡಿದರು, ಪರದೆ ನೋಡಿದರು, ಗಟಗಟ ಕುಡಿದರು. ಆಮೇಲೆ ಮೊದಲ ಬಾರಿಗೆ ದನಿ ತಗ್ಗಿಸಿದರು.

“ಇನ್ನೊಂದು ಕೊಡವ್ವಾ. ಇದು ದಂಡ ಆಯ್ತು. ಕಾಯ್ಲೆ ನಮ್ ಸೊಸೇದು, ಬಾಟ್ಲೀಲಿರೋದೂ ಅವಳ್ದೇ.”

ನನಗೆ ರೇಗಿತು. ಗಟ್ಟಿಮುಟ್ಟಾದ ಹೆಂಗಸಿಗೆ ಬಲವಂತವಾಗಿ ಆಂಟಿಬಯಾಟಿಕ್ ಕುಡಿಸಿದ್ದೆ. “ಅವಳನ್ನೇ ಕರೆತರೋದಕ್ಕೇನು?”

“ಕರ್ಕೊಂಡೇ ಬಂದಿವ್ನಿ, ಬೆಂಚಲ್ಲವ್ಳೆ. ಮದ್ವೆಯಾಗಿ ಎಲ್ಡ್ ತಿಂಗ್ಳು. ಒಳೀಕ್ ಬಂದ್ರೆ ಪಕ್ಕದಲ್ ಕುಂತಿರೋ ಮಂಚಯ್ಯ ಬಸ್ ಸ್ಟ್ಯಾಂಡ್ ಗಂಟ ಸುದ್ದಿ ಮುಟ್ಟುಸ್ತಾನೆ. ಬಸುರಿ ಅಂತ್ಲೋ, ಗಂಡನ್ ಕೂಟೆ ಸರಿಯಿಲ್ಲ ಅಂತ್ಲೋ. ಆ ಎದ್ರಿಕೆಗೆ ಬರಾಕಿಲ್ಲ ಅಂತ ಅಳ್ತಾಳೆ. ಉರಿ ಅಂತ ನೀರೂ ಕುಡಿಯಾಕಿಲ್ಲ.”

ಜ್ವರವಿದ್ದರೆ, ಬಸುರಿಯಾಗಿದ್ದರೆ ಲೆಕ್ಕವೇ ಬೇರೆ, ಅವಳನ್ನು ನೋಡದೆ ಇನ್ನೊಂದು ಪಾಕೀಟು ಬರೆಯುವುದಿಲ್ಲ ಎಂದೆ.

ಜಯಲಕ್ಷ್ಮಮ್ಮ ಸ್ವಲ್ಪ ಯೋಚಿಸಿ ತಲೆ ಹಿಡಿದುಕೊಂಡರು.

“ಅಯ್ಯಯ್ಯೋ, ತಲೆ ಸುತ್ತತದೆ! ನಿಸರ್ಗಾ, ಇಡ್ಕ ಬಾರವ್ವಾ!”

ಸೊಸೆ ಗಾಬರಿಯಿಂದ ಓಡಿ ಬಂದಳು. ನಾನು ಪಿಸುಗುಟ್ಟಿ ಕೇಳಿದೆ, ಅವಳು ಪಿಸುಗುಟ್ಟಿ ಹೇಳಿದಳು. ಅಷ್ಟು ಹೊತ್ತೂ ಅತ್ತೆ ಬೆಂಚಿಗೆ ಕೇಳುವಂತೆ ನರಳುತ್ತಿದ್ದರು. ಜ್ವರವಿರಲಿಲ್ಲ. ಬಾಟಲಿಯಲ್ಲಿ ಉಳಿದಿದ್ದರಲ್ಲೇ ಬಸುರಿನ ಪರೀಕ್ಷೆಯನ್ನೂ ಮಾಡಿದೆ, ಬಸುರಿಯಲ್ಲ. ಇನ್ನೊಂದು ಪಾಕೀಟು ತರಿಸಿ ಕಲಸಿ ಕೊಟ್ಟೆ. ಹುಡುಗಿ ಒಂದು ತೊಟ್ಟೂ ಬಿಡದೆ ಕುಡಿದಳು.

“ನಿಮ್ಮಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರಬೇಕು,” ಎಂದೆ. ನನ್ನ ಸಿಟ್ಟೆಲ್ಲ ಇಳಿದು ಹೋಗಿತ್ತು.

ಜಯಲಕ್ಷ್ಮಮ್ಮ ನರಳುವುದನ್ನು ನಿಲ್ಲಿಸಿ ಪಿಸುಗುಟ್ಟಿದರು.

“ನಂಗೂ ಬಂದಿತ್ತು ಕಣವ್ವಾ, ಮದ್ವೆಯಾದ್ ಒಸ್ದ್ರಲ್ಲಿ. ನಾಚ್ಕೊಂಡು ಯಾರ್ಗೂ ಯೋಳ್ನಿಲ್ಲ. ಚಳಿಜ್ವರ ಬಂದ್ಬುಡ್ತು. ಒಟ್ಟೇಲಿದ್ ಮೊದಲ್ನೇ ಕೂಸು ಓಯ್ತು.”

ಅವರು ಎದ್ದು, ಸೊಸೆಯ ಹೆಗಲ ಮೇಲೆ ಭಾರ ಹಾಕಿ, ಜೋರಾಗಿ ನರಳುತ್ತ ಮಂಚಯ್ಯನ ಮುಂದೆಯೇ ನಡೆದುಹೋದರು.